ಹಗೇವಿನ ಕಾವಲುಗಾರನ ಕಥೆ ಓದಿದ ಮೇಷ್ಟ್ರು

ಮೇಷ್ಟ್ರು ಹೋದ ಸುದ್ದಿ ನನಗೆ ಗೊತ್ತಾದದ್ದು ನಮ್ಮ ಕಾಲೇಜಿನ ಹಳಬರ ವಾಟ್ಸಾಪ್ ಗುಂಪಿನಲ್ಲಿ. ಯಾವುದೋ ಬೀಳ್ಕೊಡುಗೆ ಸಮಾರಂಭದ ಗುಂಪುಚಿತ್ರದಿಂದ ಅವರ ಮುಖವನ್ನಷ್ಟೇ ಕತ್ತರಿಸಿ ಹಾಕಿದ್ದರು. ಕತ್ತರಿಸಿದವರು ಅವಸರದಲ್ಲಿದ್ದರೆಂದು ಕಾಣುತ್ತದೆ, ಪಕ್ಕದಲ್ಲಿ ನಿಂತಿದ್ದವರ ಕೈಯೊಂದು ಮೇಷ್ಟ್ರ ಹೆಗಲ ಮೇಲೆ ಹಾಗೇ ಉಳಿದುಬಿಟ್ಟಿತ್ತು. ಅವರು ಇದ್ದಿದ್ದರೆ ‘ಆ ಕೈ ಯಾರದು’ ಎಂದು ಹಿಡಿದುಕೊಂಡು ಒಂದು ಒಳ್ಳೆಯ ದೆವ್ವದ ಕಥೆ ಎಬ್ಬಿಸುತ್ತಿದ್ದರು. ಕೆಳಗೆ ಸಾಲಾಗಿ ಬಂದಿದ್ದ ಕೈಮುಗಿಯುವ ಚಿತ್ರಗಳ ಮೇಲೆ ಒಂದು ವಿಡಂಬನೆಯನ್ನೂ ಹೊಸೆಯುತ್ತಿದ್ದರು. ನಾನೂ ಒಂದು ಕೈಮುಗಿಯುವ ಚಿತ್ರ ಹಾಕಿ ಫೋನು ಕೆಳಗಿಟ್ಟೆ.

ಹುಣಸೂರಿನ ಒಂದು ಪದವಿಪೂರ್ವ ಕಾಲೇಜಿನಲ್ಲಿ ಅವರು ಇಂಗ್ಲಿಷ್ ಪಾಠ ಮಾಡುತ್ತಿದ್ದರು, ನಾನು ಕೆಮಿಸ್ಟ್ರಿ. ಅವರದು ಕೆ.ಆರ್. ನಗರ ತಾಲ್ಲೂಕಿನ ಹೊಸ ಅಗ್ರಹಾರದ ಕಡೆಯ ಊರು, ನಾಲೆ ನೀರಿನ ಗದ್ದೆ ಇದ್ದ ಮನೆತನ. ಗದ್ದೆಯನ್ನು ಅಣ್ಣಂದಿರಿಗೆ ಬಿಟ್ಟುಕೊಟ್ಟು ಇವರು ಪುಸ್ತಕ ಹಿಡಿದರು. ಓದುತ್ತಿದ್ದುದು ಎರಡೇ ಜಾತಿಯ ಕಥೆಗಳನ್ನು. ಒಂದು ಹೆದರಿಸುವಂಥದ್ದು, ಇನ್ನೊಂದು ಗೇಲಿ ಮಾಡುವಂಥದ್ದು. ಅದೂ ಹಳೆಯದಾಗಿರಬೇಕು, ಬರೆದವರು ತೀರಿಕೊಂಡು ಬಹಳ ಕಾಲ ಆಗಿರಬೇಕು. “ಬದುಕಿರೋರ ಕಥೆ ವಿಮರ್ಶೆ ಮಾಡಿದ್ರೆ ಮುಂದಿನ ವಾರ ಅವರು ಯಾವುದಾದ್ರೂ ಮದುವೆ ಊಟದಲ್ಲಿ ಎದುರಿಗೇ ಕೂತಿರ್ತಾರಮ್ಮ,” ಎನ್ನುತ್ತಿದ್ದರು. ಪ್ರೇಮಕಥೆ ಯಾಕೆ ಓದುವುದಿಲ್ಲ ಎಂದು ಕೇಳಿದರೆ ಅದನ್ನು ದಿನವೂ ತರಗತಿಯ ಕಿಟಕಿಯಿಂದ ನೋಡುತ್ತಿದ್ದೇನಲ್ಲ ಅನ್ನುವರು.

ಅವರ ಪುಸ್ತಕಗಳಿಗೆ ಸಾಂಬಾರಿನ ವಾಸನೆ ಇರುತ್ತಿತ್ತು. ಇದಕ್ಕೆ ಕಾರಣ ರಬ್ಬರ್ ಬ್ಯಾಂಡು. ಹೋಟೆಲಿನ ಪಾರ್ಸೆಲ್ಲಿಗೆ ಸುತ್ತಿಬಂದ ರಬ್ಬರ್ ಬ್ಯಾಂಡುಗಳನ್ನು ತೊಳೆಯದೆಯೇ ಎತ್ತಿಟ್ಟುಕೊಂಡು, ಪುಸ್ತಕದಲ್ಲಿ ತಾವು ಓದಬೇಕಾಗಿರುವ ಕಥೆಯ ಕೊನೆಯ ಪುಟಗಳಿಗೆ ಬಿಗಿಯುತ್ತಿದ್ದರು. ಕಣ್ಣು ಬಹಳ ಕಳ್ಳ, ಬಿಟ್ಟರೆ ಮುಂದಕ್ಕೆ ಓಡಿಹೋಗಿ ಕೊನೆಯನ್ನು ಕದ್ದು ತಿಂದುಬಿಡುತ್ತದೆ ಎಂದು ಅವರ ದೂರು. ಆ ಕಥೆಯನ್ನು ಹತ್ತಾರು ಸಲ ಓದಿದ್ದರೂ ರಬ್ಬರ್ ಬ್ಯಾಂಡು ಮಾತ್ರ ತಪ್ಪುತ್ತಿರಲಿಲ್ಲ. ಇದು ಶುದ್ಧ ನಾಟಕ ಎಂದು ನನ್ನ ಅಭಿಪ್ರಾಯವಾಗಿತ್ತು, ಅದನ್ನು ಅವರ ಮುಖಕ್ಕೇ ಹೇಳಿದ್ದೆ.

ಸಾಹಿತ್ಯ ಎಂದರೆ ನನಗೆ ಅಷ್ಟಕ್ಕಷ್ಟೆ. ಅವರ ಭಾನುವಾರದ ಓದಿಗೆ ನಾನು ಮೊದಲು ಹೋದದ್ದು ಮಂಚ ಕೊಳ್ಳಲು. ಬಸ್ ನಿಲ್ದಾಣದಿಂದ ಸ್ವಲ್ಪ ದೂರದಲ್ಲಿ ನಯಾಜ್ ಸಾಹೇಬರ ಫರ್ನಿಚರ್ ಅಂಗಡಿ ಇತ್ತು. ಕೆಳಗೆ ಮಂಚ, ಬೀರು, ಊಟದ ಮೇಜು, ಮಹಡಿಯ ಮೇಲೆ ಮಾರಾಟಕ್ಕಿಟ್ಟ ಸೋಫಾಗಳು. ಮಂಚ ತೋರಿಸುವವರು ಯಾರೂ ಕಾಣದೆ ಮೆಟ್ಟಿಲು ಹತ್ತಿದರೆ, ಮೇಲೆ ಹದಿನೈದು ಇಪ್ಪತ್ತು ಜನ ಪ್ಲಾಸ್ಟಿಕ್ ಹೊದಿಕೆ ತೆಗೆಯದ ಸೋಫಾಗಳ ಮೇಲೆ ಕೂತಿದ್ದಾರೆ, ನಡುವೆ ನಮ್ಮ ಮೇಷ್ಟ್ರು ಒಂದು ಸ್ಟೂಲಿನ ಮೇಲೆ. ಪಿರಿಯಾಪಟ್ಟಣದ ಕಡೆಯ ಹೊಗೆಸೊಪ್ಪಿನ ರೈತರು, ಒಬ್ಬ ಕಂಡಕ್ಟರು, ಬ್ಯಾಂಕಿನಲ್ಲಿ ಕೆಲಸ ಮಾಡುವ ಇಬ್ಬರು ಹೆಂಗಸರು, ನಯಾಜ್ ಸಾಹೇಬರೂ ಸೇರಿ ಎಲ್ಲರೂ ಬಾಯಿ ಬಿಟ್ಟುಕೊಂಡಿದ್ದರು. ಮೇಷ್ಟ್ರು ನನ್ನನ್ನು ನೋಡಿ, ಬಾಯಿಯ ಮೇಲೆ ಬೆರಳಿಟ್ಟು, ಒಂದು ಖಾಲಿ ಸೋಫಾ ತೋರಿಸಿದರು. ಅಂದು ನಾನು ಮಂಚ ಕೊಳ್ಳಲಿಲ್ಲ.

ಆ ಪ್ಲಾಸ್ಟಿಕ್ ಹೊದಿಕೆಯೇ ಅವರ ಅಳತೆಗೋಲು. ಕೇಳುವವರಿಗೆ ಬೇಜಾರಾದರೆ ಮಿಸುಕಾಡುತ್ತಾರೆ, ಮಿಸುಕಾಡಿದರೆ ಪ್ಲಾಸ್ಟಿಕ್ ಚರಚರ ಅನ್ನುತ್ತದೆ. ಸದ್ದು ಬಂದ ಜಾಗಕ್ಕೆ ಪೆನ್ಸಿಲಿನಲ್ಲಿ ಗುರುತು ಹಾಕಿಕೊಂಡು, ಓದು ಮುಗಿದ ಮೇಲೆ ಆ ಸಾಲನ್ನೇ ಎತ್ತಿ ತೋರಿಸಿ, “ಇಲ್ಲಿ ಬರೆದವನಿಗೂ ಬೇಜಾರಾಗಿತ್ತು,” ಎನ್ನುತ್ತಿದ್ದರು. ಅವರ ವಿಮರ್ಶೆಯಲ್ಲಿ ದೊಡ್ಡ ದೊಡ್ಡ ಪದಗಳು ಇರಲಿಲ್ಲ. ಹೆದರಿಸಲು ಹೋಗಿ ಅತಿಮಾಡಿದ ಕಥೆಗೆ “ಬ್ಯಾರನ್ನಿಗೆ ಬೆಂಕಿ ಜಾಸ್ತಿ ಆಯ್ತು” ಎಂದರೆ ಬ್ಯಾರನ್ ಗೂಡಿನಲ್ಲಿ ಹೊಗೆಸೊಪ್ಪು ಬೇಯಿಸುವ ಜನಕ್ಕೆ ಬೇರೆ ವಿವರಣೆ ಬೇಕಿರಲಿಲ್ಲ. ಬಡವರನ್ನು ಆಡಿಕೊಂಡು ನಗಿಸುವ ಕಥೆ ಅವರಿಗೆ ಆಗುತ್ತಿರಲಿಲ್ಲ. ಅಂಥದ್ದನ್ನು ಅರ್ಧಕ್ಕೇ ಮುಚ್ಚಿ, ಇವನಿಗೆ ಮೇಲಕ್ಕೆ ನೋಡಿ ನಗುವ ಧೈರ್ಯ ಇರಲಿಲ್ಲ ಎಂದು ಪಕ್ಕಕ್ಕಿಡುತ್ತಿದ್ದರು.

ಇಂಗ್ಲಿಷಿನ ಕಥೆಯನ್ನು ಅವರು ಅನುವಾದ ಮಾಡುತ್ತಿರಲಿಲ್ಲ, ಕೈಹಿಡಿದು ಇಲ್ಲಿಗೆ ಕರಕೊಂಡು ಬರುತ್ತಿದ್ದರು. ಪರದೇಶದ ಪ್ರಭುವಿನ ಕೋಟೆ ವೀರನಹೊಸಹಳ್ಳಿಯ ಕಾಡಂಚಿನ ಹಳೇ ಬಂಗಲೆಯಾಗುತ್ತಿತ್ತು. ಮಂಜು ಮುಸುಕಿದ ಬಯಲು ಬ್ಯಾರನ್ ಹೊಗೆ ತುಂಬಿದ ಬಯಲಾಗುತ್ತಿತ್ತು. ಕುದುರೆ ಗಾಡಿಯಲ್ಲಿ ಬರಬೇಕಾದ ಪ್ರೇತ ಪಿರಿಯಾಪಟ್ಟಣದ ಖಾಸಗಿ ಬಸ್ಸಿನ ಹಿಂದಿನ ಸೀಟಿನಲ್ಲಿ ಕೂತು ಬರುತ್ತಿತ್ತು, ಕಂಡಕ್ಟರು ಟಿಕೆಟ್ ಕೊಡಲು ಹೋದಾಗ ಮಾತ್ರ ಅದಕ್ಕೆ ಪಾದ ಇಲ್ಲದಿರುವುದು ಗೊತ್ತಾಗುತ್ತಿತ್ತು. ಒಮ್ಮೆ ಒಂದು ಭೂತವನ್ನು ಬೈಲಕುಪ್ಪೆಯ ಜೋಳದ ಹೊಲಗಳಿಗೆ ಇಳಿಸಿದ್ದರು. ಅಲ್ಲಿಂದ ಬರುತ್ತಿದ್ದ ಸ್ವೆಟರ್ ವ್ಯಾಪಾರದ ಟಿಬೆಟನ್ ಹಿರಿಯರೊಬ್ಬರು ಓದು ಮುಗಿದ ಮೇಲೆ ಮೆಲ್ಲಗೆ, “ನಮ್ಮ ಕಡೆ ದೆವ್ವ ಬಾಗಿಲು ತಟ್ಟಲ್ಲ ಸಾರ್, ಅದಕ್ಕೆ ಮಂಡಿ ಬಗ್ಸಕ್ಕೆ ಆಗಲ್ಲ, ಹೊಸ್ತಿಲು ಎತ್ತರ ಇದ್ರೆ ಒಳಗೇ ಬರಲ್ಲ,” ಎಂದರು. ಮುಂದಿನ ವಾರ ಮೇಷ್ಟ್ರು ಅದೇ ಕಥೆಯನ್ನು ಹೊಸ್ತಿಲು ತಗ್ಗಿಸಿ ಮತ್ತೆ ಓದಿದರು.

ಊರು, ಮರ, ಮಳೆ, ಊಟ ಎಲ್ಲವನ್ನೂ ಬದಲಾಯಿಸುತ್ತಿದ್ದ ಮನುಷ್ಯ ಕಥೆಯ ಕೊನೆಯನ್ನು ಮಾತ್ರ ಮುಟ್ಟುತ್ತಿರಲಿಲ್ಲ. ಮಗುವೊಂದು ಸಾಯುವ ಕಥೆ ಮುಗಿದಾಗ ಬ್ಯಾಂಕಿನ ಹೆಂಗಸರಲ್ಲಿ ಒಬ್ಬರು ಒಮ್ಮೆ, ಆ ಮಗುವನ್ನಾದರೂ ಉಳಿಸಬಹುದಿತ್ತಲ್ಲ ಸಾರ್, ಹೇಗೂ ನೀವೇ ಹೇಳೋದು ಎಂದು ಕೇಳಿದರು. ಉಳಿಸಿದರೆ ನಾವು ಮನೆಗೆ ಹೋಗಿ ನೆಮ್ಮದಿಯಾಗಿ ಊಟ ಮಾಡುತ್ತೇವೆ, ಅದಕ್ಕೆ ಈ ಕಥೆ ಯಾಕೆ ಬೇಕು ಎಂದರು ಮೇಷ್ಟ್ರು. ಆ ಹೆಂಗಸು ಎರಡು ಭಾನುವಾರ ಬರಲಿಲ್ಲ.

ಮನುಷ್ಯ ಧೈರ್ಯಶಾಲಿಯೇನೂ ಅಲ್ಲ. ಸ್ಟಾಫ್ ರೂಮಿನ ಗೋಡೆಯಲ್ಲಿ ಹಲ್ಲಿ ಕಂಡರೆ ಹಾಜರಿ ಪುಸ್ತಕವನ್ನು ನನ್ನಿಂದ ತರಿಸಿಕೊಳ್ಳುತ್ತಿದ್ದರು. ದೆವ್ವ ಗಿವ್ವ ಏನೂ ಇಲ್ಲ ಎಂದು ನಾನು ವಾದಕ್ಕೆ ನಿಂತರೆ, “ದೆವ್ವ ಇಲ್ಲ ಅಂತ ನನಗೂ ಗೊತ್ತು ಕಣಮ್ಮ ಕೆಮಿಸ್ಟ್ರಿ. ಹೆದರಿಕೆ ಇದೆಯಲ್ಲ, ಅದು ನಿಜ ತಾನೇ? ಅದು ಎಲ್ಲಿಂದ ಬಂತು ಹೇಳು,” ಎನ್ನುವರು. ಅವರ ಹೆಂಡತಿಗೆ ಇದೆಲ್ಲ ಸಾಕಾಗಿತ್ತು. “ನಮ್ಮನೆಗೆ ನಿಜವಾದ ದೆವ್ವ ಬಂದ್ರೂ ಇವ್ರು ಮೊದ್ಲು ಅದರ ಪ್ರವೇಶ ಸರಿಯಿಲ್ಲ ಅಂತಾರೆ ಮೇಡಂ,” ಎಂದು ಆಕೆ ನನ್ನೊಡನೆ ಹೇಳಿಕೊಂಡು ನಕ್ಕಿದ್ದರು.

ಇಷ್ಟರಲ್ಲೇ ಅವರ ಚಿತ್ರ ಮುಗಿಯಬಹುದಿತ್ತು, ಆ ಕಾವಲುಗಾರನ ಕಥೆಯನ್ನು ಅವರು ಓದದೇ ಇದ್ದಿದ್ದರೆ.

ಮೂಲ ಕಥೆ ಯಾವುದೋ ಚಳಿ ದೇಶದ್ದು. ಹಿಮ ಜಾರುವ ಬೆಟ್ಟದ ಕೆಳಗೆ ಒಂದು ಊರು. ಊರು ಖಾಲಿ ಮಾಡಿ ಎಂದು ಸರ್ಕಾರದ ಅಪ್ಪಣೆಯಾಗುತ್ತದೆ. ಊರಿನ ದೊಡ್ಡವರು ತಮ್ಮ ಉಗ್ರಾಣ ಕಾಯಲು ಒಬ್ಬ ಕಾವಲುಗಾರನನ್ನು ಬಿಟ್ಟು, ಆಮೇಲೆ ಹೇಳಿ ಕಳಿಸುತ್ತೇವೆ ಎಂದು ಹೊರಟುಹೋಗುತ್ತಾರೆ. ಹೇಳಿ ಕಳಿಸಲು ಎಲ್ಲರೂ ಮರೆಯುತ್ತಾರೆ. ಹೊಸ ಊರಿನಲ್ಲಿ ವರ್ಷಕ್ಕೊಮ್ಮೆ ಸಭೆ ಸೇರಿ, ಹಳೇ ಊರಿನಲ್ಲಿ ಒಂದೂ ಕಳ್ಳತನ ಆಗದಿರುವುದಕ್ಕೆ ಕಾವಲುಗಾರನನ್ನು ಅಭಿನಂದಿಸುತ್ತಾರೆ. ಕೊನೆಗೆ ಅವನಿಗೊಂದು ಸನ್ಮಾನ ಎಂದು ತೀರ್ಮಾನವಾಗುತ್ತದೆ. ಸನ್ಮಾನಕ್ಕೆ ಅವನು ಬರುವುದಿಲ್ಲ. ಕೆಲಸ ಬಿಟ್ಟು ಬರಲಿಲ್ಲವಲ್ಲ, ಎಂಥ ನಿಷ್ಠೆ ಎಂದು ಸಭೆ ಚಪ್ಪಾಳೆ ತಟ್ಟುತ್ತದೆ. ಅಲ್ಲಿಗೆ ಕಥೆ ಮುಗಿಯಿತು.

ಮೇಷ್ಟ್ರು ಇದನ್ನು ಎಚ್.ಡಿ. ಕೋಟೆಯ ಆಚೆಗೆ ತಂದರು. ಹಿಮ ಹೋಗಿ ಕಬಿನಿಯ ಹಿನ್ನೀರು ಬಂತು. ಉಗ್ರಾಣ ಹೋಗಿ ಹಗೇವು ಬಂತು, ಅಂದರೆ ನಮ್ಮ ಹಳ್ಳಿಗಳಲ್ಲಿ ಹಿಂದೆ ನೆಲದೊಳಗೆ ರಾಗಿ ತುಂಬಿಡುತ್ತಿದ್ದ ಗುಂಡಿ. ಕಾವಲುಗಾರ ದನ ಕಾಯುವ ಕಿವುಡು ಮುದುಕನಾದ. ಸನ್ಮಾನಕ್ಕೆ ಶಾಲು, ಏಲಕ್ಕಿ ಹಾರ, ಪೇಟ. ಹಾರಕ್ಕೆ ಯಾರು ಹೋಗಬೇಕು ಎಂದು ಉಪಸಮಿತಿ ಮಾಡುವ ಜಾಗದಲ್ಲಿ ಜನ ಬಿದ್ದು ಬಿದ್ದು ನಕ್ಕರು, ಪ್ಲಾಸ್ಟಿಕ್ ಎಲ್ಲ ಒಟ್ಟಿಗೆ ಸದ್ದು ಮಾಡಿತು. ಕೇಳುತ್ತಿದ್ದವರಲ್ಲಿ ಯಾರೋ ಅದನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ ನಾಲ್ಕು ಗುಂಪುಗಳಿಗೆ ಹಾಕಿದರು.

ಮೊದಲು ಫೋನು ಬಂದದ್ದು ಕೆ.ಆರ್. ನಗರದ ಕಡೆಯಿಂದ. ಯಾವುದೋ ಸಂಘದ ಅಧ್ಯಕ್ಷರಂತೆ. “ಏನ್ರೀ ಮೇಷ್ಟ್ರೇ, ನಮ್ ಗೋಡೌನ್ ಮುಚ್ಚಿದ್ರೂ ವಾಚ್‌ಮನ್ ಮಡಗಿರೋದ ಆಡ್ಕೊಂಡು ನಗ್ತೀರಾ?” ಎಂದು ಜಗಳ ತೆಗೆದರು. ಎರಡು ದಿನಕ್ಕೆ ಪಿರಿಯಾಪಟ್ಟಣದಿಂದ ಒಬ್ಬ ಮುಖಂಡರು ಫೋನು ಮಾಡಿದರು. ಜನವೇ ಬರದ ಒಂದು ಸಮುದಾಯ ಭವನಕ್ಕೆ ಅವರು ಕಾವಲಿಟ್ಟಿದ್ದರಂತೆ, ಅದು ಮೇಷ್ಟ್ರಿಗೆ ಹೇಗೆ ಗೊತ್ತಾಯಿತು ಎಂದು ಅವರ ಪ್ರಶ್ನೆ. ಮೇಷ್ಟ್ರು ಖುಷಿಯಿಂದ ಕುಣಿದಾಡಿದರು. ಬರೆದವನು ಸತ್ತು ಅಷ್ಟು ಕಾಲವಾದ ಮೇಲೆ ಅವನ ಮೇಲೆ ಪಿರಿಯಾಪಟ್ಟಣದಲ್ಲಿ ಸಿಟ್ಟು ಬರುವುದೆಂದರೆ ಇದಕ್ಕಿಂತ ದೊಡ್ಡ ಪ್ರಶಸ್ತಿ ಯಾವುದಿದೆ ಎಂದು ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ಕಾಫಿ ಕುಡಿಸಿದರು.

ಮೂರನೆಯವರು ಫೋನು ಮಾಡಲಿಲ್ಲ, ಜೀಪಿನಲ್ಲಿ ಅಂಗಡಿಗೇ ಬಂದರು. ಎಚ್.ಡಿ. ಕೋಟೆಯ ಆಚೆ, ಹಿನ್ನೀರು ಬಂದಾಗ ಎದ್ದುಬಂದು ಹೊಸದಾಗಿ ನೆಲೆ ನಿಂತ ಊರೊಂದರ ಯಜಮಾನರ ಮಗ ಅವನು, ನಲವತ್ತರ ಆಸುಪಾಸಿನ ಗುತ್ತಿಗೆದಾರ. “ಅದ ಕೇಳ್ದಾಗಿಂದ ನಮ್ಮಪ್ಪ ಅನ್ನ ಬುಟ್ಟವ್ರೆ ಕಣ್ರೀ. ನಮ್ ಮನೆತನ್ದ ಮಾನ ತೆಗೆಯಕ್ಕೆ ನಿಮ್ಗೆ ಯಾರು ಹೇಳ್ಕೊಟ್ರು?” ಎಂದು ಕೂಗಾಡಿದ. ಅವನ ಬೇಡಿಕೆ ಸಣ್ಣದು. ಮೇಷ್ಟ್ರು ಮನೆಗೆ ಬಂದು ಅವನ ತಂದೆಯ ಮುಂದೆ, ‘ಇದು ಪರದೇಶದ ಕಥೆ, ನಿಮಗೂ ಇದಕ್ಕೂ ಸಂಬಂಧ ಇಲ್ಲ’ ಎಂದು ಹೇಳಬೇಕು. ಅದನ್ನು ಇವನು ವಿಡಿಯೋ ಮಾಡಿಕೊಂಡು ಅದೇ ಗುಂಪುಗಳಿಗೆ ಹಾಕುತ್ತಾನೆ. ಹೇಳದಿದ್ದರೆ ಪೊಲೀಸ್ ಕಂಪ್ಲೇಂಟು, ಇಲ್ಲಿ ಓದೂ ಬಂದ್. ನಯಾಜ್ ಸಾಹೇಬರು ಹೆದರಿದರು. “ಮೇಷ್ಟ್ರೇ, ಒಂದು ಮಾತು ಹೇಳ್ಬಿಡಿ, ಮುಗೀತು. ಜಗಳ ಆದ್ರೆ ನಾನು ಈ ಮಹಡಿಗೆ ಬೀಗ ಹಾಕ್ಲೇಬೇಕಾಗತ್ತೆ, ನನಗೆ ಅಂಗಡಿ ನಡೀಬೇಕು ಸಾರ್,” ಎಂದು ಕೈಮುಗಿದರು.

ನಾನು ಹೇಳಿದ್ದೂ ಅದನ್ನೇ. ಅದು ಸುಳ್ಳೇನೂ ಅಲ್ಲವಲ್ಲ! ಕಥೆ ಪರದೇಶದ್ದೇ, ಬರೆದವನಿಗೆ ಎಚ್.ಡಿ. ಕೋಟೆ ಯಾವ ದಿಕ್ಕಿಗಿದೆ ಎಂದು ಗೊತ್ತಿರಲಿಲ್ಲ. ಮೇಷ್ಟ್ರು ಮಾತ್ರ ಒಪ್ಪಲೊಲ್ಲರು. “ಪರದೇಶದ್ದು ಅನ್ನೋದು ನಿಜ. ಸಂಬಂಧ ಇಲ್ಲ ಅನ್ನೋದು ಸುಳ್ಳು. ಸಂಬಂಧ ಇಲ್ಲ ಅಂದ್ರೆ ಇಷ್ಟು ವರ್ಷ ನಾನು ಸೋಫಾ ಮೇಲೆ ಜನ ಕೂರಿಸಿಕೊಂಡು ಮಾಡಿದ್ದು ಏನು?” ಎಂದರು. ಅವರ ಮುಖ ಅಷ್ಟು ಸಣ್ಣಗಾದದ್ದನ್ನು ನಾನು ನೋಡಿರಲಿಲ್ಲ. ಮನೆಯಲ್ಲಿ ಮಕ್ಕಳಿಲ್ಲ, ಕಾಲೇಜಿನ ಕೆಲಸ ಆ ಮಾರ್ಚಿಗೆ ಮುಗಿಯುತ್ತಿತ್ತು, ಉಳಿದಿದ್ದುದು ಆ ಮಹಡಿಯೊಂದೇ. ಒಂದು ಮಾತಿಗೆ ಅದನ್ನು ಕಳೆದುಕೊಳ್ಳಬೇಡಿ ಎಂದು ನಾನು ಗದರಿಸಿದೆ. ನೋಡೋಣ ಎಂದು ಪುಸ್ತಕ ಬಗಲಿಗಿಟ್ಟುಕೊಂಡರು.

ಮುಂದಿನ ಶನಿವಾರ ಮಧ್ಯಾಹ್ನ ನಯಾಜ್ ಸಾಹೇಬರ ಮಾಲು ಸಾಗಿಸುವ ವ್ಯಾನಿನಲ್ಲಿ ಮೂವರೂ ಹೊರಟೆವು. ದಾರಿಯುದ್ದಕ್ಕೂ ಸಾಹೇಬರು ಆ ಒಂದು ಮಾತನ್ನು ಮೇಷ್ಟ್ರಿಗೆ ಬಾಯಿಪಾಠ ಮಾಡಿಸಿದರು. ಮೇಷ್ಟ್ರು ಹೂಂ ಹೂಂ ಅಂದರೇ ಹೊರತು ಒಂದು ಸಲವೂ ತಿರುಗಿ ಹೇಳಲಿಲ್ಲ.

ಯಜಮಾನರು ಜಗಲಿಯ ಮೇಲೆ ಕುರ್ಚಿ ಹಾಕಿಕೊಂಡು ಕೂತಿದ್ದರು. ಎಪ್ಪತ್ತು ದಾಟಿದ ಎತ್ತರದ ಆಳು, ಬಿಳೀ ಪಂಚೆ, ಹೆಗಲ ಮೇಲೆ ಟವಲು. ಎದ್ದು ನಿಂತು, “ಬನ್ನಿ ಮೇಷ್ಟ್ರೇ, ಬನ್ನಿ ಮೇಡಮ್ಮೋರೆ,” ಎಂದು ಕೂರಿಸಿದರು. ಕೂಗಾಡಿದ್ದ ಮಗನೇ ಕಾಫಿ ತಂದುಕೊಟ್ಟ. ಕಾಫಿ ಮುಗಿಯುತ್ತಲೇ ಫೋನು ಎತ್ತಿ ಹಿಡಿದು, “ಶುರು ಮಾಡಿ ಸಾ, ಎಲ್ಡೇ ಮಾತು, ಹೇಳ್ಬುಡಿ,” ಎಂದ.

“ಲೋ, ಅದ ಕೆಳಗ್ ಮಡಗ್ಲಾ,” ಎಂದರು ಯಜಮಾನರು. ಮಗ ತಡವರಿಸಿದ. “ಒಳೀಕ್ ಹೋಗು ನೀನು, ಹೋಗು.” ಅವನು ಒಳಗೆ ಹೋಗದೆ ಬಾಗಿಲಲ್ಲಿ ನಿಂತ. ಯಜಮಾನರು ಮೇಷ್ಟ್ರ ಕೈಯಲ್ಲಿದ್ದ ಪುಸ್ತಕ ನೋಡಿ, “ಇದ್ರಾಗೇ ಐತಾ ಅದು?” ಎಂದು ಕೇಳಿದರು.

“ಇದೆ ಯಜಮಾನರೇ.”

“ಬೇರೆ ದೇಸದ್ದು ಅಂದ ನನ್ ಮಗ.”

“ಹೌದು. ಬೇರೆ ದೇಶದ್ದೇ.”

ನಯಾಜ್ ಸಾಹೇಬರು ಉಸಿರು ಬಿಟ್ಟರು. ಇನ್ನು ಉಳಿದಿದ್ದುದು ಆ ಇನ್ನೊಂದು ಮಾತು. ಮೇಷ್ಟ್ರು ಅದನ್ನು ಹೇಳುವುದಕ್ಕೂ ಮುಂಚೆ ಯಜಮಾನರೇ ಕೇಳಿದರು. “ಅಲ್ಲಾದ್ರೂವೆ ಅವನ್ಗೆ ಹೇಳಕ್ಕೆ ಯಾರಾರ ಹೋದ್ರಾ? ನೀವು ಹೇಳ್ದಾಗ ಬುಟ್ಬುಟ್ರೇನೋ ಅಂತ ಕೇಳ್ತಿವ್ನಿ. ಪುಸ್ತಕ್ದಾಗೆ ಕೊನೇಗೆ ಯಾರಾರ ಹೋಗಿ, ಬಾರಪ್ಪ ಸಾಕು ಅಂತ ಕರ್ದ್ರಾ?”

ಆ ಮುಖ ನೋಡಿದ್ದರೆ ಯಾರಾದರೂ ‘ಹೋದರು’ ಅನ್ನುತ್ತಿದ್ದರು. ನಾನಂತೂ ಅನ್ನುತ್ತಿದ್ದೆ. ಸಾಹೇಬರು ಮೇಷ್ಟ್ರ ತೊಡೆ ಒತ್ತಿದ್ದು ನನಗೆ ಕಾಣಿಸಿತು. ಮೇಷ್ಟ್ರು ಪುಸ್ತಕವನ್ನು ಮಡಿಲಲ್ಲಿಟ್ಟುಕೊಂಡರು.

“ಇಲ್ಲ ಯಜಮಾನರೇ,” ಎಂದರು. “ಯಾರೂ ಹೋಗಲಿಲ್ಲ.”

ಯಜಮಾನರು ತಲೆಯಾಡಿಸಿದರು. ಆಮೇಲೆ ಅವರು ಹೇಳಿದ್ದನ್ನು ಆ ಮನೆಯ ಮಗನೂ ಅಂದೇ ಮೊದಲು ಕೇಳಿದ್ದು. ಊರು ಬಿಡುವಾಗ ಗಾಡಿಗಳಲ್ಲಿ ಪಾತ್ರೆ, ಮಂಚ, ಬಾಗಿಲು ಚೌಕಟ್ಟು ಎಲ್ಲ ಹೇರಿದರು. ಹಗೇವಿನ ರಾಗಿಗೆ ಜಾಗ ಸಾಲಲಿಲ್ಲ. ಗಾಡಿ ತಿರುಗಿ ಬರುವ ತನಕ ಹಗೇವಿನ ಬಾಯಲ್ಲಿ ಕೂತಿರು ಎಂದು ದನ ಕಾಯುವ ಮುದುಕನಿಗೆ ಹೇಳಿದರು. ಅವನಿಗೂ ಕಿವಿ ಮಂದ. ಹೊಸ ಜಾಗದಲ್ಲಿ ಗುಡಿಸಲು ಹಾಕುವ ಗಡಿಬಿಡಿ, ಎತ್ತಿಗೆ ಕಾಲುಬೇನೆ, ಅಷ್ಟರಲ್ಲಿ ಮಳೆ ಹಿಡಿಯಿತು.

“ರಾಗಿ ಹೋದ್ರೆ ಹೋಗ್ಲಿ, ಅವನ್ನ ಕರ್ಕೊಂಡ್ ಬಾ ಹೋಗ್ಲಾ ಅಂತ ನಮ್ಮಪ್ಪ ನನ್ಗೇ ಹೇಳ್ತು. ನಾ ಪ್ರಾಯದವ್ನು. ಮಳೆ, ಕೆಸರು, ನಾಳೀಕ್ ಹೋಗನ ಅಂತ ಮನೀಕಂಡೆ. ನಾಳೀಕೂ ಮಳೆ. ಆಮ್ಯಾಕೆ ಹಳ್ಳ ದಾಟಕ್ಕೇ ಆಗ್ನಿಲ್ಲ, ನೀರು ಬಂದ್ಬುಡ್ತು. ಬ್ಯಾಸಗೇಲಿ ನೀರು ಇಳಿದ್ ಮ್ಯಾಕೆ ಹೋಗಿ ನೋಡ್ದೆ. ಹಗೇವಿನ ಬಾಯಿ ಮುಚ್ಚಿದ್ದಂಗೇ ಇತ್ತು. ಅವನ್ ಕಂಬ್ಳಿ ಇರ್ನಿಲ್ಲ. ಎದ್ದು ಎತ್ಲಾಗಾರ ಹೋದ್ನೋ, ಕೂತಂಗೇ ಇದ್ನೋ, ಆ ದ್ಯಾವ್ರೇ ಬಲ್ಲ.”

ನನ್ನ ಕೈಯಲ್ಲಿದ್ದ ಲೋಟವನ್ನು ಎಲ್ಲಿಡಬೇಕೆಂದು ನನಗೆ ತಿಳಿಯಲಿಲ್ಲ. ಬಾಗಿಲಲ್ಲಿ ನಿಂತಿದ್ದ ಮಗ ಫೋನನ್ನು ಜೇಬಿಗೆ ಹಾಕಿಕೊಂಡು ನೆಲ ನೋಡುತ್ತಿದ್ದ.

“ಸಂಬಂದ ಇಲ್ಲ ಅನ್ಬ್ಯಾಡಿ ಮೇಷ್ಟ್ರೇ,” ಎಂದರು ಯಜಮಾನರು. “ನನ್ ಮಗ ಏನಾರ ಅನ್ಲಿ. ಓದಿ ನೀವು. ಆದ್ರೆ ಬರೀ ಕಾವಲ್ಗಾರ, ಮುದ್ಕ ಅಂತ ಓದ್ಬ್ಯಾಡಿ. ಇಲ್ಗಂಟ ತಂದಿದ್ದೀರಿ, ಅವನ್ ಹೆಸರೂ ಹಾಕಿ ಓದಿ.”

“ಹಾಕ್ತೀನಿ. ಏನು ಅವರ ಹೆಸರು?”

ಯಜಮಾನರು ಹೇಳಲು ಬಾಯಿ ತೆರೆದರು. ತೆರೆದ ಬಾಯಿ ಹಾಗೇ ನಿಂತಿತು. ಟವಲು ತೆಗೆದು ಮುಖ ಒರೆಸಿಕೊಂಡರು. ಅಂಗಳದ ಕಡೆ ನೋಡಿದರು. ಕೊನೆಗೆ ಮಗನ ಕಡೆ ತಿರುಗಿದರು, ಆಗ ಹುಟ್ಟಿಯೇ ಇರದ ಅವನಿಗೆ ಗೊತ್ತಿರುವ ಹಾಗೆ.

“‘ಲೇ’ ಅಂತಿದ್ದೋ ಕಣ್ರೀ,” ಎಂದರು. “ನಮ್ಮಪ್ಪನೂ ‘ಲೇ’ ಅಂತಿತ್ತು. ನಾನು ಚಿಕ್ಕುಡ್ಗ ಇದ್ದಾಗ್ಲೂ ‘ಲೇ’ ಅಂತ್ಲೇ ಕರೀತಿದ್ದೆ.”

ಮಾರನೆಯ ದಿನ ಭಾನುವಾರ. ಮಹಡಿಗೆ ಬೀಗ ಬೀಳಲಿಲ್ಲ, ಮೇಷ್ಟ್ರು ಬೇರೆ ಯಾವುದೋ ಕಥೆ ಓದಿದರು, ನನಗೆ ಅದು ತಲೆಗೆ ಹೋಗಲಿಲ್ಲ. ಆ ವಾರದಲ್ಲೇ ಯಜಮಾನರು ಫೋನು ಮಾಡಿ, ಸರಗೂರಿನಲ್ಲಿರುವ ತಮ್ಮ ಅಕ್ಕನನ್ನು ಕೇಳಿದ್ದಾಗಿಯೂ, ಅವರಿಗೆ ಆ ಮುದುಕನಿಗೆ ಇಕ್ಕುತ್ತಿದ್ದ ತಟ್ಟೆ ನೆನಪಿದೆ, ಹೆಸರು ನೆನಪಿಲ್ಲವೆಂದೂ ಹೇಳಿದರಂತೆ. ಅದಾದ ಮೇಲೆ ಯಜಮಾನರೂ ಮೇಷ್ಟ್ರೂ ಆ ಹೆಸರು ಹುಡುಕಲು ತೊಡಗಿದರು. ಯಜಮಾನರು ಆ ಕಡೆಯ ಹಟ್ಟಿಗಳಲ್ಲಿ, ಕಾಡಂಚಿನ ಗಿರಿಜನರ ಹಾಡಿಗಳಲ್ಲಿ ಕೇಳಿಸಿದರು. ಮೇಷ್ಟ್ರು ಎಚ್.ಡಿ. ಕೋಟೆ ಕಡೆಯವರು ಯಾರು ಸಿಕ್ಕರೂ, ಬಸ್ಸಿನಲ್ಲಾಗಲಿ ಮದುವೆ ಮನೆಯಲ್ಲಾಗಲಿ, ನಿಮ್ಮಲ್ಲಿ ವಯಸ್ಸಾದವರು ಯಾರಿದ್ದಾರೆ ಎಂದು ಶುರುಮಾಡುತ್ತಿದ್ದರು. ಯಜಮಾನರು ಅದಾಗಿ ಎರಡು ವರ್ಷಕ್ಕೆ ತೀರಿಕೊಂಡರು. ಅವರ ಮಗ ಕೇಳುವುದನ್ನು ಮುಂದುವರಿಸಿದ್ದಾನೆ ಎಂದು ಮೇಷ್ಟ್ರೇ ನನಗೆ ಹೇಳಿದ್ದರು.

ಆ ಕಾವಲುಗಾರನ ಕಥೆಯನ್ನು ಅವರು ಮತ್ತೆ ಓದಲಿಲ್ಲ. ಜನ ಕೇಳಿದರೆ, ಅದು ಇನ್ನೂ ಪೂರ್ತಿ ಇಲ್ಲಿಗೆ ಬಂದಿಲ್ಲ, ಬಂದ ಮೇಲೆ ಓದುತ್ತೇನೆ ಎನ್ನುತ್ತಿದ್ದರು. ಇದು ಅತಿಯಾಯಿತು, ಬೇಕಾದರೆ ಯಾವುದಾದರೂ ಒಂದು ಹೆಸರಿಟ್ಟು ಓದಿ, ಕೆಂಚನೋ ಕರಿಯನೋ, ಯಾರು ಬಂದು ಕೇಳುತ್ತಾರೆ ಎಂದು ನಾನು ರೇಗಿದೆ. ಅವರು ನನ್ನ ಮೇಲೆ ತಿರುಗಿ ಬೀಳಲಿಲ್ಲ. “ಹಾಗೆ ಇಟ್ಟರೆ ಅದೂ ‘ಲೇ’ ಅಂದಂಗೇ ಅಲ್ವಾಮ್ಮ,” ಎಂದಷ್ಟೇ ಅಂದರು.

ಮೈಸೂರಿನ ಆಸ್ಪತ್ರೆಯಲ್ಲಿ ಅವರನ್ನು ನೋಡಲು ಹೋದಾಗ ಡ್ರಿಪ್ ಹಾಕುತ್ತಿದ್ದ ನರ್ಸ್ ಹುಡುಗಿಯನ್ನು ಯಾವೂರಮ್ಮ ಎಂದು ಕೇಳುತ್ತಿದ್ದರು. ಅವಳದು ಹಿನ್ನೀರಿನ ಕಡೆಯ ಊರೇ. ಮೇಷ್ಟ್ರು ಏದುಸಿರು ಬಿಡುತ್ತಲೇ ಹಗೇವು, ಕಿವುಡು ಮುದುಕ, ಕಂಬಳಿ ಎಲ್ಲವನ್ನೂ ಅವಳಿಗೆ ಒಪ್ಪಿಸಿದರು. “ನಮ್ಮಜ್ಜೀನ ಕೇಳ್ಕೊಂಡು ಬತ್ತೀನಿ ಬುಡಿ ಸಾರ್, ನೀವು ಮಾತಾಡ್ಬೇಡಿ,” ಎಂದಳು ಅವಳು. ಅವಳು ಕೇಳಿದ್ದಳು. ಮೇಷ್ಟ್ರು ಹೋದ ಮೇಲೆ ನಾನೇ ಅವಳನ್ನು ಹುಡುಕಿಕೊಂಡು ಹೋಗಿ ವಿಚಾರಿಸಿದೆ. ಅಜ್ಜಿಗೂ ಗೊತ್ತಿರಲಿಲ್ಲ.

ಈಗ ಆ ಕಡೆಯವರು ಯಾರಾದರೂ ಸಿಕ್ಕರೆ ಕೇಳುವ ಸರದಿ ನನ್ನದು. ಸಾಹಿತ್ಯ ನನಗೆ ಇಂದಿಗೂ ಅಷ್ಟಕ್ಕಷ್ಟೆ. ಆದರೂ ಇದನ್ನು ಬರೆಯಲು ಕೂತಾಗ ಮೇಷ್ಟ್ರ ಹೆಸರನ್ನು ಮೊದಲ ಸಾಲಿನಲ್ಲೇ ಹಾಕಬೇಕೆಂದಿದ್ದೆ. ಆ ಮುದುಕನದು ಇನ್ನೂ ಸಿಕ್ಕಿಲ್ಲದಿರುವಾಗ ಇವರದನ್ನು ಬರೆಯಲು ಕೈ ಏಳಲಿಲ್ಲ.